ಹೆರಿಗಿ ಸೂಜಿ ಮತ್ತ ಎದಿಹಾಲು

ಹೋದ ಶನಿವಾರ ಅಟ್ಟದ ಮ್ಯಾಲಿನ ಟ್ರಂಕ್ ಇಳಿಸಿ ಹಳೇ ಕಾಗದ ಹುಡಕಲಿಕ್ಕೆ ಕೂತಿದ್ದೆ. ಮಗಳು ಚೊಚ್ಚಲ ಹೆರಿಗಿಗೆ ತವರಮನಿಗೆ ಬಂದಾಳ, ಎಂಟು ತುಂಬಿ ಒಂಬತ್ತರಾಗ ನಡದಾವ. ಡಾಕ್ಟರಬಾಯಾರು ಅಕಿನ್ನ ತಪಾಸಿದಮ್ಯಾಲೆ ನನ್ನ ಕಡೆ ತಿರುಗಿ, "ನಿಮ್ಮ ಹೆರಿಗಿ ಹ್ಯಾಂಗ ಆಗಿದ್ವು? ಕಾಗದ ಏನರ ಇದ್ರ ಮುಂದಿನ ಸಲಾ ತೊಗೊಂಡ ಬರ್ರಿ" ಅಂದಿದ್ರು. ಕಾಗದ ಇತ್ತು. ಲಗ್ನಪತ್ರಿಕಿ, ಹಳೇ ರೇಷನ್ ಕಾರ್ಡು, ನಮ್ಮಪ್ಪನ ಪತ್ರ, ಇವೆಲ್ಲದರ ಕೆಳಗ 1993ರ ಡಿಸ್ಚಾರ್ಜ್ ಕಾರ್ಡು, ಮಡಚಿದಲ್ಲೆ ಹರದು ಹಳದಿ ಆಗಿತ್ತು. ಅದರಾಗ ಇಂಗ್ಲಿಷಿನ್ಯಾಗ ಒಂದು ಸಾಲು. ರಾತ್ರಿ 2.10ಕ್ಕ ಪೆಥಿಡಿನ್ 100 ಮಿಲಿಗ್ರಾಂ, ಫೆನರ್ಗಾನ್ 25 ಮಿಲಿಗ್ರಾಂ. ಅದರ ಕೆಳಗ, ಬೆಳಗಿನ 4.35ಕ್ಕ ಹೆಣ್ಣುಕೂಸು, ತೂಕ 2.8 ಕಿಲೋ. ಮತ್ತ ಅದರ ಕೆಳಗ ಸಣ್ಣ ಅಕ್ಷರದಾಗ, ಕೂಸು ಮಂಪರಿನ್ಯಾಗ ಅದ, ಚೀಪವಲ್ದು, ಡಬ್ಬಿ ಹಾಲು ಶುರು ಮಾಡೇವಿ.

ಮೂವತ್ತು ವರ್ಷದ ಮ್ಯಾಲಾತು ಈ ಕಾಗದ ನನ್ನ ಟ್ರಂಕಿನ್ಯಾಗ ಬಿದ್ದು. ನಾ ಒಮ್ಮೆನೂ ಓದಿರಲಿಲ್ಲ.

ನಮ್ಮ ಮನಿ ಹಿರಿಯರಿಗೆ ಎಲ್ಲಾರಿಗೂ ಗೊತ್ತಿದ್ದ ಸಂಗತಿ ಅಂದ್ರ, ಚೊಚ್ಚಲ ಮಗಳಿಗೆ ನಾ ಎದಿಹಾಲು ಕುಡಸಲಿಲ್ಲ. ಕುಡಸಲಿಕ್ಕೆ ಆಗಲಿಲ್ಲ ಅಂತ ಯಾರೂ ಅನ್ನಲಿಲ್ಲ, ಕುಡಸಲಿಲ್ಲ ಅಂತನ ಅಂದ್ರು. ನಮ್ಮ ಅತ್ತಿಯವರು ಕೆಟ್ಟವರಲ್ಲ. ನನ್ನ ಬಾಣಂತನಕ್ಕ ಅಂಟಿನ ಉಂಡಿ ಕಟ್ಟಿ ಕಳಿಸಿದವರು, ಎಣ್ಣಿ ಹಚ್ಚಿ ಕೂಸಿನ್ನ ಎರಕೊಂಡವರು. ಆದ್ರ ಬಂದವರ ಮುಂದೆಲ್ಲಾ "ಇಕಿ ಎದಿಯೊಳಗ ಹಾಲೇ ಇಲ್ಲ" ಅನ್ನೋರು. ನಾಲ್ಕು ವರ್ಷ ಆದಮ್ಯಾಲೆ ಮಗ ಹುಟ್ಟಿದ. ಆ ಹೆರಿಗಿ ಎಷ್ಟು ಲಗೂನ ಆತಂದ್ರ ಸೂಜಿ ಮಾಡಲಿಕ್ಕೆ ಯಾರಿಗೂ ಪುರಸೊತ್ತೇ ಆಗಲಿಲ್ಲ. ಹುಟ್ಟಿದ ಅರ್ಧ ತಾಸಿನ್ಯಾಗ ಎದಿ ಹಿಡದ, ಒಂದೂವರಿ ವರ್ಷ ಬಿಡಲಿಲ್ಲ. ಅವಾಗ ಮಾತು ಬದಲಾತು: "ಹೆಣ್ಣಿಗೆ ಬರದ ಹಾಲು ಗಂಡಿಗೆ ಹ್ಯಾಂಗ ಬಂತು ನೋಡ್ರಿ." ಮಗಳು ಅದನ್ನ ಕೇಳಿಕೋತನ ಬೆಳದ್ಳು. ಹದಿನಾಲ್ಕು ವರ್ಷದಾಕಿ ಇದ್ದಾಗ ಒಮ್ಮೆ ಯಾವುದೋ ಜಗಳದಾಗ, "ನೀ ತಮ್ಮಗಷ್ಟೇ ಹಾಲು ಕುಡಿಸಿದಾಕಿ" ಅಂತ ನನಗ ಅಂದ್ಳು. ಅವತ್ತು ರಾತ್ರಿ ನನಗ ಊಟ ಸೇರಲಿಲ್ಲ. ಯಾಕಂದ್ರ ನನಗೂ ಒಳಗ ಹಂಗೇ ಅನಸ್ತಿತ್ತು, ನನ್ನೊಳಗನ ಏನೋ ಕಮ್ಮಿ ಇತ್ತು ಅಂತ.

ಈಗ ಅಕಿದೇ ಪಾಳಿ ಬಂದದ. ಮನ್ಯಾಗ ಎರಡು ಪಕ್ಷ ಆಗ್ಯಾವ. ಒಂದು ಪಕ್ಷ ನಮ್ಮ ವಾರಗಿಯವರು ಮತ್ತ ಹಿರೇರು: "ನಾವೆಲ್ಲಾ ಏನು ಸೂಜಿ ಮಾಡಿಸಿಕೊಂಡು ಹಡದೇವೇನು? ಹೆಣ್ಣಾಗಿ ಹುಟ್ಟಿದಮ್ಯಾಲೆ ಬ್ಯಾನಿ ತಿನ್ನಬೇಕು." ಇನ್ನೊಂದು ಪಕ್ಷ ಫೋನಿನ್ಯಾಗ ಬಂದದ್ದನ್ನ ಮುಂದ ಕಳಿಸೋರು. ಮೊನ್ನೆ ನಾದಿನಿ ಒಬ್ಬಾಕಿ ಕಳಿಸಿದ್ಲು, ನೋವಿನ ಸೂಜಿ ಮಾಡಿಸಿಕೊಂಡ್ರ ಪ್ರೀತಿ ಹಾರ್ಮೋನು ಸತ್ತು ಹೋಗ್ತದ, ತಾಯಿಗೆ ಕೂಸಿನ ಮ್ಯಾಲೆ ಮಾಯಾ ಹುಟ್ಟಂಗಿಲ್ಲ ಅಂತ. ಮಗಳು ಅದನ್ನ ಓದಿ ಬಾಯಿ ಮುಚ್ಚಿ ಕೂತ್ಳು. ಒಂಬತ್ತು ತಿಂಗಳ ಬಸರಿಗೆ ಇಂಥಾದ್ದು ಕಳಿಸೋರಿಗೆ ಏನನ್ನಬೇಕೋ ತಿಳೀಲಿಲ್ಲ. ಸಿಟ್ಟಿನ್ಯಾಗ ಅಲ್ಲ, ತಿಳಕೊಂಡೇ ಉತ್ತರ ಕೊಡಬೇಕಂತ ಅನಿಸ್ತು. ಮಗಳು ಒಂದಿಷ್ಟು ಓದಿ ಹೇಳಿದ್ಳು, ಡಾಕ್ಟರಬಾಯಾರನ್ನ ನಾ ಒಂದಿಷ್ಟು ಕಾಡಿದೆ. ಸುಳ್ಳು ಮಾತಿನ್ಯಾಗೂ ಒಂದು ಕಾಳು ಖರೆ ಇತ್ತು. ಆ ಕಾಳು ಯಾವುದು, ಸುತ್ತ ಇದ್ದ ಹೊಟ್ಟು ಯಾವುದು ಅಂತ ಹೇಳಲಿಕ್ಕೇ ಇದನ್ನ ಬರೀಲಿಕ್ಕತ್ತೇನಿ.

ನಮ್ಮ ತವರಮನ್ಯಾಗ ಎಮ್ಮಿ ಇದ್ವು, ನಿಮ್ಮೊಳಗ ಭಾಳ ಮಂದಿ ಮನ್ಯಾಗೂ ಇದ್ದಾವು. ಎಮ್ಮಿ ತೊರಿ ಬಿಡೋದು ನಿಮಗ ಗೊತ್ತೇ ಅದ. ಕೆಚ್ಚಲ ತುಂಬ ಹಾಲಿದ್ರೂ ಸುಮ್ಮನ ಕೂತು ಹಿಂಡಿದ್ರ ಬರಂಗಿಲ್ಲ. ಕರಾ ಬಂದು ಮೂತಿಲೆ ಗುದ್ದಬೇಕು, ನಾಕು ಸಲ ಚೀಪಬೇಕು, ಆಮ್ಯಾಲೆ ಹಾಲು ಇಳೀತದ. ದಿನಾ ಹಿಂಡೋರು ಬಿಟ್ಟು ಹೊಸಬರು ಬಂದು ಕೂತ್ರ, ಇಲ್ಲಾ ನಾಯಿ ಬೊಗಳಿ ಬೆದರಿದ್ರ, ಅವತ್ತು ಹಾಲು ಏರಿಸಿಕೊಂಡು ಬಿಡ್ತದ. ಈ ಹಾಲು ಇಳಿಸೋದು ಆಕ್ಸಿಟೋಸಿನ್ ಅನ್ನೋ ಹಾರ್ಮೋನು. ಅದು ಮಿದುಳಿನ್ಯಾಗ ತಯಾರಾಗಿ, ಮಿದುಳಿನ ಕೆಳಗ ಇರೋ ಪಿಟ್ಯೂಟರಿ ಅಂಬೋ ಸಣ್ಣ ಗ್ರಂಥಿಯಿಂದ ರಕ್ತಕ್ಕ ಇಳೀತದ. ಕೆಲವು ಡೇರಿಯವರು ಕಳ್ಳತನಲೆ ಎಮ್ಮಿಗೆ ಮಾಡ್ತಾರಲ್ಲ ಹಾಲಿನ ಸೂಜಿ, ಅದೇ ಇದು. ಅದನ್ನ ತಡೀಬೇಕಂತ 2018ರಾಗ ಕೇಂದ್ರ ಸರಕಾರ ಖಾಸಗಿ ಕಂಪನಿಗಳು ಅದನ್ನ ಮಾಡಬಾರದು, ಬೆಂಗಳೂರಿನ ಸರಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಒಂದೇ ಮಾಡಬೇಕು ಅಂತ ಆದೇಶ ಹೊರಡಿಸ್ತು. ಹಡದ ಹೆಂಗಸರಿಗೆ ರಕ್ತ ಹೋಗೋದು ನಿಲ್ಲಿಸಲಿಕ್ಕೆ ಇದೇ ಔಷಧ ಬೇಕು, ಕೊರತಿ ಬಿದ್ರ ಜೀವ ಹೋಗ್ತಾವ ಅಂತ ಗದ್ದಲ ಆತು, ಅದೇ ವರ್ಷ ಡಿಸೆಂಬರಿನ್ಯಾಗ ದಿಲ್ಲಿ ಹೈಕೋರ್ಟು ಆ ಆದೇಶ ರದ್ದು ಮಾಡ್ತು. ಎಮ್ಮಿ ಹಾಲಿಗೂ ನಮ್ಮ ಜೀವಕ್ಕೂ ಒಂದೇ ಹಾರ್ಮೋನು ಅನ್ನೋದು ಅವಾಗರ ನಮಗ ತಿಳೀಬೇಕಿತ್ತು.

ಹಾಲು ಇಳಿಸೋ ಮೊದಲು ಈ ಆಕ್ಸಿಟೋಸಿನ್ನಿಗೆ ಇನ್ನೊಂದು ಕೆಲಸ ಅದ. ಗರ್ಭಚೀಲ ಬಿಗಿಯೋದು, ಅಂದ್ರ ಬ್ಯಾನಿ ತರೋದು. ಕೂಸಿನ ತಲಿ ಕೆಳಗ ಇಳದು ಗರ್ಭಚೀಲದ ಬಾಯಿ ಹಿಗ್ಗಿಸಿದಂಗ ಅಲ್ಲಿಂದ ನರದೊಳಗ ಸುದ್ದಿ ಮಿದುಳಿಗೆ ಹೋಗ್ತದ. ಮಿದುಳು ಇನ್ನಷ್ಟು ಆಕ್ಸಿಟೋಸಿನ್ ಬಿಡ್ತದ. ಗರ್ಭಚೀಲ ಇನ್ನಷ್ಟು ಜೋರ ಬಿಗೀತದ, ಕೂಸು ಇನ್ನಷ್ಟು ಕೆಳಗ ಬರ್ತದ, ಮತ್ತ ಸುದ್ದಿ ಹೋಗ್ತದ. ಉರುಳಿಕೋತ ಹೋದ ಗಾಡಿ ಇಳಿಜಾರಿನ್ಯಾಗ ಜೋರಾದಂಗ. ಕೂಸು ಹೊರಗ ಬಿದ್ದಾಗನ ಇದು ನಿಲ್ಲೋದು. 1941ರಾಗ ಫರ್ಗ್ಯುಸನ್ ಅಂಬೋ ಕೆನಡಾದ ವಿಜ್ಞಾನಿ ಇದನ್ನ ಮೊಲದ ಮ್ಯಾಲೆ ಕಂಡುಹಿಡದ, ಇವತ್ತಿಗೂ ಡಾಕ್ಟರಕಿ ಕಲಿಯೋರು ಅವನ ಹೆಸರಿಲೆ ಕಲೀತಾರ.

ಗಾಡಿ ಅಂದಮ್ಯಾಲೆ ಬ್ರೇಕೂ ಇರಬೇಕಲ್ಲ. ನಮ್ಮ ಮೈಯೊಳಗನ ಅಫೀಮಿನಂಥಾ ಒಂದು ಪದಾರ್ಥ ತಯಾರಾಗ್ತದ, ಎಂಡಾರ್ಫಿನ್ ಅಂತಾರ. ಒಳಗಿನ ಮಾರ್ಫೀನ್ ಅಂತನ ಆ ಹೆಸರಿನ ಅರ್ಥ. ಬ್ಯಾನಿ ಏರಿದಂಗ ಅದೂ ಏರ್ತದ. ಹಡಿಯೋ ಮುಂದ ನಡುನಡುವ ಒಂಥರಾ ಮಬ್ಬು ಬಂದಂಗ ಆಗಿ, ಕಣ್ಣ ಮುಂದಿದ್ದವರು ದೂರ ಇದ್ದಂಗ ಅನಸ್ತದಲ್ಲ, ಅದರಾಗ ಈ ಎಂಡಾರ್ಫಿನ್ನಿನ ಪಾಲೂ ಅದ ಅಂತಾರ. ಇದು ನೋವನ್ನೂ ತಗ್ಗಸ್ತದ, ಆಕ್ಸಿಟೋಸಿನ್ ಬಿಡೋ ನರಗಳ ಮ್ಯಾಲೆ ಹಗೂರಕ ಒಂದು ಕಾಲನ್ನೂ ಇಟ್ಟಿರ್ತದ. ದಿನ ತುಂಬೋತನಕ ಆಕ್ಸಿಟೋಸಿನ್ ಸುಮ್ಮನ ಸೋರಿ ಹೋಗದಂಗ ಕೂಡಿಡಲಿಕ್ಕೆ ಈ ಬ್ರೇಕ್ ಬೇಕು ಅಂತ ಇಲಿಗಳ ಮ್ಯಾಲೆ ಕೆಲಸ ಮಾಡಿದವರು ತೋರಿಸ್ಯಾರ.

ಮಾರ್ಫೀನ್, ಪೆಥಿಡಿನ್, ಟ್ರಾಮಡಾಲ್, ಪೆಂಟಾಝೊಸಿನ್, ಫೆಂಟನಿಲ್, ಇವೆಲ್ಲಾ ಒಂದೇ ಬಳಗ. ಅಫೀಮಿನ ಮಕ್ಕಳು, ಸೋದರತ್ತಿ ಮಕ್ಕಳು ಅನ್ನಬಹುದು. ಮೈಯೊಳಗಿನ ಎಂಡಾರ್ಫಿನ್ ಹೋಗಿ ಕೂಡೋ ಕುರ್ಚಿ ಮ್ಯಾಲೇ ಇವೂ ಹೋಗಿ ಕೂಡ್ತಾವ, ಆದ್ರ ಭಾರ ಜಾಸ್ತಿ. ಎಡಿನ್‌ಬರೋದ ವಿಜ್ಞಾನಿಗಳು ಮರಿ ಹಾಕ್ಲಿಕ್ಕತ್ತಿದ್ದ ಇಲಿಗೆ ನಡುವ ಮಾರ್ಫೀನ್ ಕೊಟ್ರು. ಮರಿ ಬರೋದು ನಿಂತು ಹೋತು. ನಲಾಕ್ಸೋನ್ ಅಂತ ಮಾರ್ಫೀನಿನ ಕಾಟ ಬಿಡಿಸೋ ಔಷಧ ಅದ, ಅದನ್ನ ಕೊಟ್ಟಾಗ ಮತ್ತ ಶುರು ಆತು. ಇಲಿ ಬ್ಯಾರೆ, ಹೆಂಗಸು ಬ್ಯಾರೆ, ಖರೆ. 1990ರ ದಶಕದಾಗ ಬ್ಯಾನಿ ತಿನ್ನಲಿಕ್ಕತ್ತಿದ್ದ ಹೆಂಗಸರಿಗೇ ಮಾರ್ಫೀನ್ ಕೊಟ್ಟು ರಕ್ತ ನೋಡಿದ್ರು, ಆಕ್ಸಿಟೋಸಿನ್ ಇಳದಿತ್ತು. ಹಾಲು ಕುಡಸೋ ತಾಯಂದಿರಿಗೆ ಕೊಟ್ಟು ನೋಡಿದಾಗಲೂ ಕೂಸು ಚೀಪಿದ್ರ ಏರಬೇಕಾಗಿದ್ದ ಆಕ್ಸಿಟೋಸಿನ್ ಸರಿಯಾಗಿ ಏರಲಿಲ್ಲ.

ನಾದಿನಿ ಕಳಿಸಿದ್ದರಾಗ ಇದ್ದ ಖರೆ ಕಾಳು ಇಷ್ಟೇ. ಹಾರ್ಮೋನು ಸಾಯಂಗಿಲ್ಲ. ಔಷಧ ಮೈಯಾಗ ಇರೋತನಕ ಅದು ಬಿಡೋದು ಕಮ್ಮಿ ಆಗ್ತದ, ಔಷಧ ಇಳದಂಗ ಬ್ರೇಕೂ ಸಡಿಲ ಆಗ್ತದ. ಹೆಂಗಸರ ಹೆರಿಗಿ ಇಲಿ ಹೆರಿಗಿಯಂಗ ಟಕ್ ಅಂತ ನಿಲ್ಲಂಗೂ ಇಲ್ಲ. ದಿನ ತುಂಬಿದ ಗರ್ಭಚೀಲ ಆಕ್ಸಿಟೋಸಿನ್ನಿಗೆ ಎಷ್ಟು ಸೂಕ್ಷ್ಮ ಆಗಿರ್ತದಂದ್ರ ಸ್ವಲ್ಪದಲೇ ನಡೀತದ, ಜೋಡೀಲೆ ಪ್ರೋಸ್ಟಾಗ್ಲ್ಯಾಂಡಿನ್ ಅಂಬೋ ಇನ್ನೊಂದು ಪದಾರ್ಥ ಕೈ ಹಚ್ಚಿರ್ತದ. ಎರಡು ದಿವಸ ಸುಳ್ಳುಬ್ಯಾನಿ ತಿಂದು ದಣದಾಕಿಗೆ ಡಾಕ್ಟರು ಬೇಕಂತನ ಮಾರ್ಫೀನ್ ಕೊಟ್ಟು ಮಲಗಸೋದೂ ಅದ. ಭಾಳ ಮಂದಿ ನಿದ್ದಿ ಮಾಡಿ ಎದ್ದಮ್ಯಾಲೆ ಖರೆ ಬ್ಯಾನಿನೇ ಶುರು ಆಗಿರ್ತದ. ಅಂದ್ರ ಬ್ರೇಕ್ ಯಾವಾಗ ಹಾಕಿದ್ರು ಅನ್ನೋದರ ಮ್ಯಾಲೆ ಅದ. ಆದ್ರ "ಸೂಜಿ ಮಾಡಿದ್ರ ಲಗೂ ಹಡೀತಾಳ" ಅಂತ ನರ್ಸಬಾಯಾರು ಹೇಳೋದು ಇವತ್ತಿಗೂ ಕೇಳಸ್ತದಲ್ಲ, ಅದೂ ಖರೆ ಅಲ್ಲ. ಉರುಗ್ವೆ ದೇಶದಾಗ ನಿಧಾನ ಆದ ಹೆರಿಗಿಗೆ ಪೆಥಿಡಿನ್ ಕೊಟ್ಟು, ಕೊಡದಲೇ ಹೋಲಿಸಿ ನೋಡಿ 2004ರಾಗ ಬರದಾರ. ಹೆರಿಗಿ ಲಗೂ ಆಗಲಿಲ್ಲ, ಕೂಸಿಗೆ ಮಾತ್ರ ತ್ರಾಸ ಜಾಸ್ತಿ ಆತು.

ಈಗ ನನ್ನ ಕಾರ್ಡಿನ ಮೂರನೇ ಸಾಲಿಗೆ ಬರ್ತೇನಿ. ಕೂಸು ಮಂಪರು, ಚೀಪವಲ್ದು.

ಪೆಥಿಡಿನ್ ತಾಯಿ ರಕ್ತದಿಂದ ಮಾಸು ದಾಟಿ ಕೂಸಿಗೆ ಹೋಗ್ತದ. ಹುಟ್ಟೋದಕ್ಕ ಎರಡು ಮೂರು ತಾಸು ಮೊದಲು ಕೊಟ್ರ ಕೂಸಿನ ಮೈಯಾಗ ಭಾಳ ಸೇರಿರ್ತದ. ನನಗ 2.10ಕ್ಕ ಕೊಟ್ಟಿದ್ರು, ಅಕಿ ಹುಟ್ಟಿದ್ದು 4.35ಕ್ಕ. ಲೆಕ್ಕಾ ನೀವೇ ಹಾಕ್ರಿ. ದೊಡ್ಡವರ ಮೈ ಅದನ್ನ ಕೆಲವು ತಾಸಿನ್ಯಾಗ ಕರಗಸ್ತದ, ಕೂಸಿನ ಎಳೇ ಲಿವರಿಗೆ ಅದು ಲಗೂ ಆಗಂಗಿಲ್ಲ. ಪೆಥಿಡಿನ್ ಒಡದು ಆಗೋ ನಾರ್‌ಪೆಥಿಡಿನ್ ಅನ್ನೋದಂತೂ ಎರಡು ಮೂರು ದಿವಸ ಕೂಸಿನ ಮೈಯಾಗ ಸುತ್ತತಿರ್ತದ. ಆ ದಿವಸ ಕೂಸು ಅಳೋದು ಕಮ್ಮಿ, ಬಾಯಿ ತಗಿಯೋದು ಕಮ್ಮಿ, ಉಸರಾಟನೂ ಮಂದ ಆಗಬಹುದು. ಮಂದಿ ನೋಡಿ "ಎಷ್ಟು ಶಾಣೇ ಕೂಸು, ಅಳೋದೇ ಇಲ್ಲ" ಅಂತಾರ. ನಮ್ಮ ಮಗಳಿಗೂ ಹಂಗೇ ಅಂದಿದ್ರು!

ಸ್ವೀಡನ್ನಿನ್ಯಾಗ 72 ಕೂಸುಗಳನ್ನ ಹುಟ್ಟಿದ ಗಳಿಗಿಯಿಂದ ನೋಡಿ 1990ರಾಗ ಲ್ಯಾನ್ಸೆಟ್ ಪತ್ರಿಕಿಯೊಳಗ ಬರದಾರ. ಸೂಜಿ ಇಲ್ಲದಲೇ ಹುಟ್ಟಿ, ತಾಯಿ ಹೊಟ್ಟಿ ಮ್ಯಾಲೆ ಬಿಟ್ಟ ಕೂಸು ತಾನೇ ತೆವಳಿಕೋತ ಹೋಗಿ ಎದಿ ಹಿಡೀತಿದ್ವು. ತಾಯಿಗೆ ಪೆಥಿಡಿನ್ ಕೊಟ್ಟಿದ್ದ 40 ಕೂಸಿನ್ಯಾಗ 25 ಕೂಸು ಚೀಪಲೇ ಇಲ್ಲ. ಹುಟ್ಟಿದ ಸ್ವಲ್ಪ ಹೊತ್ತಿಗೇ ಕೂಸನ್ನ ಅಳತಿ ಮಾಡಲಿಕ್ಕೆ, ಬಟ್ಟಿ ತೊಡಸಲಿಕ್ಕೆ ಒಯ್ದದ್ದೂ ಕೆಡಸ್ತಿತ್ತು. ಎರಡೂ ಕೂಡಿದ್ರ ಮತ್ತೂ ಕೆಟ್ಟ. ನನ್ನ ಕೂಸನ್ನ ಮೊದಲು ನಾ ನೋಡಿದ್ದು ಬೆಳಿಗ್ಗೆ ಒಂಬತ್ತಕ್ಕ, ಬಟ್ಟಿ ಸುತ್ತಿ ತಂದು ಕೊಟ್ರು, ಆಗಲೇ ಹೊಟ್ಟಿತುಂಬ ಡಬ್ಬಿಹಾಲು ಕುಡಿಸಿದ್ರು.

ಮತ್ತ ಎಮ್ಮಿ ಕೊಟ್ಟಿಗಿಗೆ ಹೋಗೋಣ. ಕರಾ ಗುದ್ದದಲೇ ಹಾಲು ಇಳಿಯಂಗಿಲ್ಲ. ಕೂಸೂ ಹಂಗೇ, ಹುಟ್ಟಿದ ಕೂಡಲೆ ಎದಿ ಮ್ಯಾಲೆ ಸಣ್ಣ ಕೈಲೆ ಒತ್ತತದ, ಅದರಿಂದನ ತಾಯಿಗೆ ಆಕ್ಸಿಟೋಸಿನ್ ಏರ್ತದ ಅಂತ ಅಳದು ನೋಡಿದವರು ಅದಾರ. ನನ್ನ ಕೂಸಿನ ಕೈ ಮಲಗಿತ್ತು, ಬಾಯಿ ಮಲಗಿತ್ತು, ನಾನೂ ಫೆನರ್ಗಾನ್ ಮಬ್ಬಿನ್ಯಾಗ ಮಲಗಿದ್ದೆ. ಮೂರನೇ ದಿವಸ ಎದಿ ಕಲ್ಲಾಗಿ ಜ್ವರ ಬಂತು. ಹಾಲಿಲ್ಲದ ಎದಿ ಕಲ್ಲಾಗ್ತದೇನು? ಆ ಪ್ರಶ್ನೆ ಅವತ್ತು ಯಾರಿಗೂ ಹೊಳೀಲಿಲ್ಲ, ನನಗೂ. ಬಿಸಿನೀರಿನ ಶೇಕ ಕೊಟ್ರು, ಎದಿ ಬಿಗಿದು ಕಟ್ಟಿದ್ರು, ವಾರದಾಗ ಬತ್ತಿ ಹೋತು. ಡಬ್ಬಿ ಹಾಲು ಕುಡದ ಕೂಸಿಗೆ ಆಮ್ಯಾಲೆ ಎದಿ ಬ್ಯಾಡಾಗಿತ್ತು. ಸೂಜಿ ಒಂದೇ ಕಾರಣ ಅಂತ ನಾ ಅನ್ನಂಗಿಲ್ಲ. ಸೂಜಿ, ಬಾಟ್ಲಿ, ಐದು ತಾಸು ಕೂಸು ಒಂದು ಕಡೆ ನಾ ಒಂದು ಕಡೆ, ಎದಿ ಕಟ್ಟಿದ್ದು, ಎಲ್ಲಾ ಕೂಡಿ ಆದದ್ದು. ಆದ್ರ ಆ ಪಟ್ಟಿಯೊಳಗ ನನ್ನ ಎದಿಯ ಕೊರತಿ ಎಲ್ಲೆ ಅದ, ಹುಡುಕಿ ತೋರಸ್ರಿ ನೋಡೋಣ.

ಇಷ್ಟು ಓದಿ ನೀವು "ಹಂಗಾರ ಸೂಜಿ ಬ್ಯಾಡೇ ಬ್ಯಾಡ" ಅಂತೀರಿ. ಅಲ್ಲೇ ನಂದು ನಿಮ್ಮದು ಜಗಳ.

ಬ್ಯಾನಿ ತಿಂದ್ರನೇ ತಾಯಿ ಅನ್ನೋ ಮಾತು ನನಗ ಒಂಚೂರೂ ಸೇರಂಗಿಲ್ಲ. ಹಲ್ಲು ಕೀಳಿಸೋ ಮುಂದ ಯಾರೂ ಗಂಡಸರಿಗೆ ಹಂಗೇ ತಡಕೋರಿ ಅನ್ನಂಗಿಲ್ಲ. ನೋವು ಬ್ಯಾಡ ಅಂತ ಕೇಳೋದು ಈಗಿನ ಹುಡಿಗ್ಯಾರ ನಖರಾನೂ ಅಲ್ಲ. ವಿಕ್ಟೋರಿಯಾ ರಾಣಿ 1853ರಾಗ ಎಂಟನೇ ಕೂಸು ಹಡಿಯೋ ಮುಂದ ಕ್ಲೋರೋಫಾರ್ಮ್ ತರಿಸಿಕೊಂಡ್ಲು. ಏಳು ಹಡದು ಸಾಕಾಗಿತ್ತು ಪಾಪ. 1914ರ ಸುಮಾರಿಗೆ ಅಮೇರಿಕಾದ ಹೆಂಗಸರು ಸಭಾ ಕೂಡಿಸಿ, ಜರ್ಮನಿಯೊಳಗ ಕೊಡೋ ಮಾರ್ಫೀನ್ ಮತ್ತ ಸ್ಕೋಪೋಲಮಿನ್ ಸೂಜಿ ನಮಗೂ ಬೇಕು ಅಂತ ಚಳವಳಿನೇ ಮಾಡಿದ್ರು. ಮುಸ್ಸಂಜಿ ನಿದ್ದಿ ಅಂತ ಅದಕ್ಕ ಹೆಸರು. ಆಮ್ಯಾಲೆ ತಿಳದದ್ದು, ಅದು ನೋವು ತಗೀತಿದ್ದಿಲ್ಲ, ನೋವಿನ ನೆನಪು ತಗೀತಿತ್ತು. ಹೆಂಗಸರು ಒದರಾಡಿ ಬಿದ್ದಾರು ಅಂತ ಮಂಚಕ್ಕ ಕಟ್ಟತಿದ್ರು, ಕೂಸು ಮಂಕಾಗಿ ಹುಟ್ಟತಿದ್ವು. ಕೇಳಿದ್ದು ತಪ್ಪಲ್ಲ. ಏನು ಕೊಡ್ತಾರ ಅಂತ ಹೇಳದಲೇ ಕೊಟ್ಟದ್ದು ತಪ್ಪು.

ಮತ್ತ ಒಂದು ಮಾತು, ಇದು ನನಗ ಎಲ್ಲಾದಕ್ಕಿಂತ ಹೆಚ್ಚು ಹತ್ತಿದ್ದು. ಅಂಜಿಕಿನೂ ಅದೇ ಬ್ರೇಕಿನ ಮ್ಯಾಲೆ ಕಾಲಿಡ್ತದ. ಹಂದಿ ಮರಿ ಹಾಕೋ ಮುಂದ ಅದನ್ನ ತನ್ನ ಗೂಡಿನಿಂದ ಎಬ್ಬಿಸಿ ಹೊಸಾ ಜಾಗಾಕ್ಕ ಒಯ್ದು ನೋಡಿದ್ರು, ಆಕ್ಸಿಟೋಸಿನ್ ಇಳೀತು, ಮರಿ ಬರೋದು ತಡ ಆತು. ಮಾರ್ಫೀನ್ ಕಾಟ ಬಿಡಸೋ ಅದೇ ನಲಾಕ್ಸೋನ್ ಕೊಟ್ರ ಆಕ್ಸಿಟೋಸಿನ್ ಮತ್ತ ಏರ್ತು. ಅಂದ್ರ ಯಾರೂ ಸೂಜಿ ಮಾಡಿರಲಿಲ್ಲ, ಅಂಜಿಕಿಗೆ ಹಂದಿ ಮೈ ತನ್ನ ಬ್ರೇಕು ತಾನೇ ಹಾಕಿಕೊಂಡಿತ್ತು. ಹೆಂಗಸರಿಗಂತೂ ಅಂಜಿಕಿ ಮತ್ತ ತಡೀಲಾರದ ನೋವಿನಿಂದ ಅಡ್ರಿನಲಿನ್ ಏರ್ತದ, ಅದು ಗರ್ಭಚೀಲ ಸಡಿಲ ಬಿಡಸ್ತದ, ಬ್ಯಾನಿ ಎಳೆದಾಡ್ತಾವ. ಅದಕ್ಕೇ ನೋವಿಗೆ ಕಂಗಾಲಾದಾಕಿಗೆ ಛಲೋ ನೋವಿನ ಔಷಧ ಕೊಟ್ರ ಒಮ್ಮೊಮ್ಮೆ ಹೆರಿಗಿ ಮುಂದ ಸರೀತದ. ಬರೇ ಹಾರ್ಮೋನಿನ ಲೆಕ್ಕ ಹಿಡಕೊಂಡು ಸೂಜಿ ಬ್ಯಾಡ ಅನ್ನೋರು ಈ ಅರ್ಧ ಲೆಕ್ಕ ನುಂಗಿಬಿಡ್ತಾರ.

1993ರಾಗ ನಾ ಹೆರಿಗಿ ಖೋಲಿಯೊಳಗ ಒಬ್ಬಾಕಿನೇ ಇದ್ದೆ. ನಮ್ಮವ್ವ, ಅತ್ತಿಯವರು ಇಬ್ಬರೂ ಹೊರಗ ಬಾಕಿನ ಮ್ಯಾಲೆ. ಬಾಗಲಾ ಮುಚ್ಚಿತ್ತು. ಒಳಗ ಟ್ಯೂಬಲೈಟು, ಬಾಜೂ ಮಂಚದಾಕಿ ಒದರಾಟ, ಸುಮ್ಮನಿರ್ರಿ ಅಂತ ಗದ್ದರಿಕಿ. ನಾನೂ ಒದರಿದೆ, ಅದಕ್ಕೇ ಸೂಜಿ ಮಾಡಿದ್ರು. ನನ್ನ ನೋವಿಗೆ ಮಾಡಿದ್ರೋ ನನ್ನ ಬಾಯಿಗೆ ಮಾಡಿದ್ರೋ ಅಂತ ಇವತ್ತಿಗೂ ನನಗ ಸಂಶಯ ಅದ. ನಮ್ಮವ್ವನ ಕೈ ಒಂದು ಸಿಕ್ಕಿದ್ರ ಆ ಸೂಜಿ ಬೇಕಾಗ್ತಿತ್ತೋ ಇಲ್ಲೋ. ಜೋಡೀಲೆ ಒಬ್ಬರು ಇದ್ರ ನೋವಿನ ಔಷಧ ಬೇಡೋದು ಕಮ್ಮಿ ಆಗ್ತದ, ಹೆರಿಗಿ ಸ್ವಲ್ಪ ಲಗೂ ಆಗ್ತದ, ಸಿಜೇರಿಯನ್ನೂ ಕಮ್ಮಿ ಅಂತ ಹತ್ತಾರು ದೇಶದ ಲೆಕ್ಕ ಕೂಡಿಸಿ ತೋರಿಸ್ಯಾರ. ವಿಶ್ವ ಆರೋಗ್ಯ ಸಂಸ್ಥಾನೂ ಅದನ್ನೇ ಹೇಳ್ತದ. ನಮ್ಮ ಕೇಂದ್ರ ಆರೋಗ್ಯ ಖಾತೆ 2016ರಾಗ ಸರಕಾರಿ ದವಾಖಾನ್ಯಾಗ ಹೆರಿಗಿ ಮುಂದ ಒಬ್ಬ ಹೆಣ್ಣುಮಗಳನ್ನ ಜೋಡಿ ಬಿಡಬೇಕು ಅಂತ ತಿಳಿಸ್ತು, 2017ರ ಲಕ್ಷ್ಯ ಯೋಜನಾದಾಗೂ ಅದು ಅದ. ಆದ್ರೂ ಭಾಳ ಕಡೆ ಬಾಗಲಾ ಮುಚ್ಚೇ ಇರ್ತದ, ನಾವೂ ಬಾಕಿನ ಮ್ಯಾಲೆ ಸುಮ್ಮನ ಕೂತಿರ್ತೇವಿ. ಸೂಜಿ ಮಾಡಿಸಬೇಕೋ ಬ್ಯಾಡೋ ಅಂತ ಮನ್ಯಾಗ ಕೂತು ಜಗಳಾಡೋ ಅಷ್ಟೂ ಬಾಯಿ ಆ ಬಾಗಲದ ಮುಂದ ಯಾಕ ತಗಿಯಂಗಿಲ್ಲ ನಾವು?

ಪಾವಗಡದ ಕಡೆ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗಿ ಮಾಡಿಸಿದವರು, 2018ರಾಗ ಪದ್ಮಶ್ರೀ ಬಂತು. ಅಂಥವರ ಕಾಲ ಮತ್ತ ಬರಲಿ ಅಂತ ನಾ ಅನ್ನಂಗಿಲ್ಲ. ಆ ಕಾಲದಾಗ ರಕ್ತ ಹೋಗಿ ಸತ್ತ ಹೆಂಗಸರು ನಮ್ಮ ಪ್ರತಿ ಮನ್ಯಾಗೂ ಅದಾರ, ನಮ್ಮಜ್ಜಿ ಅಕ್ಕನೂ ಹಂಗೇ ಹೋದಾಕಿ. ಆದ್ರ ಸೂಲಗಿತ್ತಿ ಹಡಿಯೋ ಹೆಂಗಸಿನ ಬಾಜೂಕ್ಕ ಕೂಡ್ತಿದ್ಲು. ದವಾಖಾನಿಗೆ ಬಂದಾಗ ನಾವು ಔಷಧ ಗಳಿಸಿದ್ವಿ, ಕೂಡೋರನ್ನ ಕಳಕೊಂಡ್ವಿ.

ಬೆನ್ನಿನ್ಯಾಗ ಮಾಡೋ ಎಪಿಡ್ಯೂರಲ್ ಬಗ್ಗೆನೂ ಹೇಳ್ಬೇಕು, ಯಾಕಂದ್ರ ಮಗಳು ಕೇಳಿದ್ದು ಅದನ್ನೇ. ಅದು ಪೆಥಿಡಿನ್ ಅಲ್ಲ. ಬೆನ್ನುಹುರಿ ಹತ್ರ ಸಣ್ಣ ನಳಿಗಿ ಇಟ್ಟು ಜೋಮು ಹಿಡಸೋ ಔಷಧ ಬಿಡ್ತಾರ, ಭಾಳ ಸಲ ಅದರ ಜೋಡಿ ಚೂರು ಫೆಂಟನಿಲ್ ಇರ್ತದ. ನೋವು ಹೋಗೋದು ಸೂಜಿಗಿಂತ ಎಷ್ಟೋ ಪಾಲು ಛಲೋ, ತಾಯಿ ಎಚ್ಚರ ಇರ್ತಾಳ, ಕೂಸಿಗೆ ಹೋಗೋದೂ ಕಮ್ಮಿ. ಆದ್ರ ಕೆಳಗಿನಿಂದ ಮಿದುಳಿಗೆ ಹೋಗೋ ಸುದ್ದಿ ತಂತಿನೂ ಅದರಾಗ ಜೋಮು ಹಿಡೀತದ. ಹಂಗಾಗಿ ಕಡೀಕ ಒತ್ತೋ ಹೊತ್ತು ಸ್ವಲ್ಪ ಉದ್ದ ಆಗಬಹುದು, ಬ್ಯಾನಿ ಏರಸಲಿಕ್ಕೆ ಸಲಾಯಿನ್ಯಾಗ ಆಕ್ಸಿಟೋಸಿನ್ ಹಾಕೋದು ಜಾಸ್ತಿ. ಸಿಜೇರಿಯನ್ ಇದರಿಂದ ಹೆಚ್ಚಾಗಂಗಿಲ್ಲ ಅಂತ ಲೆಕ್ಕ ಕೂಡಿಸಿದವರು ಹೇಳ್ಯಾರ. ಇಷ್ಟು ತಿಳಕೊಂಡು ಮಗಳು ಬೇಕು ಅಂದ್ರ ಬೇಕು, ಬ್ಯಾಡ ಅಂದ್ರ ಬ್ಯಾಡ. ಬ್ಯಾನಿ ಅಕೀದು. ಅತ್ತಿಮನಿಯವರು, ತವರಮನಿಯವರು ಕೂಡಿ ಠರಾವು ಪಾಸು ಮಾಡಲಿಕ್ಕೆ ಇದೇನು ಸೈಟಿನ ವ್ಯವಹಾರ ಅಲ್ಲ.

ಮಾಯಾ ಹುಟ್ಟಂಗಿಲ್ಲ ಅಂದವರಿಗೆ ಒಂದು ಮಾತು. ಆಕ್ಸಿಟೋಸಿನ್ ತಾಯಿ ಮನಸ್ಸಿಗೂ ಕೆಲಸ ಮಾಡ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಕೂಸನ್ನ ಎದಿಗೆ ಹಚ್ಚಿದ ಪ್ರತಿ ಸಲಾನೂ, ಎತ್ತಿಕೊಂಡ ಪ್ರತಿ ಸಲಾನೂ ಅದು ಮತ್ತ ಬರ್ತದ. ಒಂದು ರಾತ್ರಿದು ತಪ್ಪಿದ್ರ ಹಗಲು ಬರ್ತದ. ನಾ ಆ ಡಬ್ಬಿ ಹಾಲನ್ನ ರಾತ್ರಿ ಎರಡಕ್ಕ, ನಾಕಕ್ಕ ಎದ್ದು ಕಾಸಿದ ನೀರಿನ್ಯಾಗ ಕಲಿಸಿ, ಕೈಮ್ಯಾಲೆ ಹನಿ ಬಿಟ್ಟು ನೋಡಿ, ತೊಡಿ ಮ್ಯಾಲೆ ಹಾಕ್ಕೊಂಡು ಕುಡಿಸಿದಾಕಿ. ಅಕಿ ನನ್ನ ಕಿರುಬೆರಳು ಹಿಡಕೊಂಡೇ ಕುಡೀತಿದ್ಲು. ಅದು ಮಾಯಾ ಅಲ್ಲಂದ್ರ ಮತ್ತ ಯಾವುದು?

ಬಾಣಂತನ ಮಾಡೋ ಅವ್ವಗೋಳಿಗೆ, ಅತ್ತಿಯವರಿಗೆ ನನ್ನ ಕಳಕಳಿ ಇಷ್ಟು. ಹೆರಿಗಿಯೊಳಗ ಸೂಜಿ ಮಾಡಿದ್ರ ಯಾವುದು, ಎಷ್ಟೊತ್ತಿಗೆ ಅಂತ ಕೇಳಿ ಬರಕೋರಿ. ಕೂಸು ಮಂಪರಿದ್ರ ಎರಡು ಮೂರು ದಿವಸ ಅದು ಹಂಗ ಇರಬಹುದು, ಉಸರಾಟದ ಮ್ಯಾಲೆ ಕಣ್ಣಿಡ್ರಿ, ಡಾಕ್ಟರಿಗೆ ತೋರಸ್ರಿ. ಬಟ್ಟಿ ಬಿಚ್ಚಿ ತಾಯಿ ಎದಿ ಮ್ಯಾಲೆ ಮಲಗಸ್ರಿ. ಅದು ಚೀಪದಿದ್ರ ಮೊದಲನೇ ಹಳದಿ ಹಾಲನ್ನ ಕೈಲೆ ಹಿಂಡಿ ವಾಟಿಯೊಳಗ ತಗದು ಚಮಚಾಲೆ ಹಾಕ್ರಿ, ನಾಕು ಹನಿ ಬಂದ್ರ ನಾಕೇ ಹನಿ, ಎರಡು ಮೂರು ತಾಸಿಗೊಮ್ಮೆ ಬಿಡದಲೇ ಹಿಂಡಸ್ರಿ. ಡಾಕ್ಟರು ಡಬ್ಬಿ ಹಾಲು ಬೇಕೇ ಬೇಕು ಅಂದ್ರ ಕುಡಸ್ರಿ, ಅದೂ ಪಾಪ ಅಲ್ಲ, ಆದ್ರ ಹಿಂಡೋದು ನಿಲ್ಲಸಬ್ಯಾಡ್ರಿ. ಮತ್ತ "ಹಾಲಿಲ್ಲ" ಅನ್ನೋ ಮಾತನ್ನ ಮೊದಲನೇ ವಾರ ದಯಮಾಡಿ ಬಾಯಾಗಿಂದ ತಗೀಬ್ಯಾಡ್ರಿ. ಆ ಮಾತು ಕೇಳಿ ಅಂಜಿದಾಕಿಗೆ ಹೊಸಬರ ಕೈಗೆ ಸಿಕ್ಕ ಎಮ್ಮಿ ಗತಿನೇ ಆಗ್ತದ.

ಕಾರ್ಡು ಸ್ಕ್ಯಾನ್ ಮಾಡಸಲಿಕ್ಕೆ ಕೊಡೋ ಮೊದಲು ಮಗಳಿಗೆ ತೋರಿಸಿದೆ. ಆ ಮೂರು ಸಾಲು ಅಕಿ ಎರಡು ಸಲ ಓದಿದ್ಲು. "ಅವ್ವಾ, ಇದನ್ನ ಯಾಕ ಮೊದಲ ಹೇಳಲಿಲ್ಲ?" ಅಂದ್ಲು. ನಾನೇ ಓದಿರಲಿಲ್ಲವ್ವಾ ಅಂದೆ. ಸ್ವಲ್ಪ ಹೊತ್ತು ಹಂಗೇ ಕೂತು, ಆಮ್ಯಾಲೆ ಅಕಿ ತನ್ನ ದವಾಖಾನಿ ಚೀಲದಾಗ ಇಡಲಿಕ್ಕೆ ಒಂದು ಚೀಟಿ ಬರದ್ಲು. ಯಾವ ಸೂಜಿ, ಯಾಕ, ಎಷ್ಟೊತ್ತಿಗೆ, ಗರ್ಭಚೀಲದ ಬಾಯಿ ಎಷ್ಟು ತಗದದ, ಕೂಸನ್ನ ಕೂಡಲೆ ನನ್ನ ಕಡೆ ಕೊಡ್ರಿ. ಕಡೇ ಸಾಲಿನ್ಯಾಗ, ನಮ್ಮವ್ವ ನನ್ನ ಜೋಡಿ ಒಳಗ ಬರ್ತಾಳ ಅಂತ ಬರದು ಕೆಳಗ ಎರಡು ಗೆರಿ ಎಳದಾಳ. ಚೀಟಿ ಈಗ ಹಳೇ ಸೀರಿ ಹರದು ಮಾಡಿದ ಅರಬಿ ಗಂಟಿನ ಮ್ಯಾಲೇ ಅದ, ಚೀಲ ತಗದ ಕೂಡಲೆ ಕಾಣೋ ಹಂಗ.